ಪಾದ ಸಮೇತ ಒಂದು ಫೋಟೊ

ನೀವು ಯಾವತ್ತಾದರೂ ನನ್ನ ಫೋಟೊ ತೆಗೆಯುವುದಾದರೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ನನ್ನ ಕಾಲು ಬರದಿದ್ದರೂ ಪರವಾಗಿಲ್ಲ. ಸೊಂಟದವರೆಗೆ ಬಂದರೆ ಸಾಕು. ಮುಖ ಮಾತ್ರ ಬಂದರೆ ಇನ್ನೂ ಸಂತೋಷ. ನಿಂತಲ್ಲೇ ನಿಂತು ತೆಗೆಯಿರಿ. ಹಿಂದೆ ಹಿಂದೆ ಮಾತ್ರ ಹೋಗಬೇಡಿ.

ಇದನ್ನು ಮುಂಚೆಯೇ ಹೇಳದೆ ಇದ್ದದ್ದರಿಂದ ಈ ಸಲದ ಯುಗಾದಿ ಪಿಕ್ನಿಕ್‌ನಲ್ಲಿ ದೊಡ್ಡ ರಾದ್ಧಾಂತವಾಯಿತು. ಇಲ್ಲೇ ರ್ಯಾಂಚೊ ಪೆನಾಸ್ಕಿಟೋಸ್‌ನ ಪಾರ್ಕಿನಲ್ಲಿ ಸ್ಯಾನ್ ಡಿಯಾಗೋದ ಕನ್ನಡದ ಮನೆಗಳೆಲ್ಲ ಸೇರಿದ್ದೆವು. ಊಟಕ್ಕೆ ಮುಂಚೆ ಗ್ರೂಪ್ ಫೋಟೊ. ಕ್ಯಾಮೆರಾ ಹಿಡಿದವರು ಪ್ರಸನ್ನ ಅಂತ, ಬಹಳ ಮೆತ್ತಗಿನ ಮನುಷ್ಯ. "ಎಲ್ಲರೂ ಬರ್ತಾ ಇಲ್ಲ, ಸ್ವಲ್ಪ ತಡೀರಿ" ಎನ್ನುತ್ತಾ ಒಂದು ಹೆಜ್ಜೆ ಹಿಂದೆ ಹೋದರು. ಇನ್ನೊಂದು ಹೆಜ್ಜೆ ಹೋದರು. ನಾನು ಎರಡನೇ ಸಾಲಿನಿಂದ "ಹಿಂದೆ ನೋಡೀ!" ಎಂದು ಎಂಥ ಕೂಗು ಕೂಗಿದೆನೆಂದರೆ, ಅವರು ಕ್ಯಾಮೆರಾ ತಬ್ಬಿಕೊಂಡು ಕುಸಿದು ಕೂತರು. ಪಕ್ಕದ ಮಗುವಿನ ಕೈಯಲ್ಲಿದ್ದ ಒಬ್ಬಟ್ಟು ನೆಲಕ್ಕೆ ಬಿತ್ತು. ಅಷ್ಟು ದೂರದಲ್ಲಿ ಮಾಂಸ ಸುಡುತ್ತಿದ್ದ ಮೆಕ್ಸಿಕನ್ ಕುಟುಂಬದವರು ಎದ್ದು ನಿಂತರು. ಪ್ರಸನ್ನ ಅವರ ಹಿಂದೆ ಇದ್ದದ್ದು ಹುಲ್ಲು. ಆ ಹುಲ್ಲಿನ ಹಿಂದೆ ಇನ್ನಷ್ಟು ಹುಲ್ಲು.

"ಹಾವಿತ್ತಾ ಮೇಡಂ?" ಎಂದು ಕೂತಲ್ಲಿಂದಲೇ ಕೇಳಿದರು.

"ಇಲ್ಲ."

"ಮತ್ತೆ?"

"ಟ್ರ್ಯಾಮ್" ಅಂದೆ.

ಆ ಪಾರ್ಕಿನ ಹತ್ತಿರಕ್ಕೆ ಬಸ್ಸು ಕೂಡ ಬರುವುದಿಲ್ಲ. ಎಲ್ಲರೂ ನನ್ನ ಗಂಡನ ಮುಖ ನೋಡಿದರು. ಅವನು ಕೋಸಂಬರಿಯ ಪಾತ್ರೆಯ ಮುಚ್ಚಳ ತೆಗೆದು ಒಳಗೆ ಏನನ್ನೋ ಗಂಭೀರವಾಗಿ ಹುಡುಕತೊಡಗಿದ.

ಟ್ರ್ಯಾಮಿನ ವಿಷಯ ಹೇಳಬೇಕಾದರೆ ಸುಶೀಲತ್ತೆಯಿಂದ ಶುರು ಮಾಡಬೇಕು. ಅಪ್ಪನ ತಂಗಿ. ಲಾಸ್ ಏಂಜಲಿಸ್‌ನ ಆಚೆ ವಾಲ್‌ನಟ್‌ನಲ್ಲಿ ಇದ್ದಾರೆ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಮಾವ ಹೋದ ಮೇಲೂ ಅವರದೇ ಮನೆ, ಅವರದೇ ಅಡುಗೆ, ಅವರದೇ ಕಾಲು. ಒಂದು ಫೋಟೊ ತೆಗೆಯಲು ಹೋಗಿ ಈ ಅತ್ತೆ ನನ್ನ ಕಣ್ಣೆದುರಿಗೇ ಜೀವ ಕಳೆದುಕೊಳ್ಳುವುದರಲ್ಲಿದ್ದರು. ಅದಾದ ಮೇಲೆ, ನಾನು ಕಂಡದ್ದನ್ನು ಊರೆಲ್ಲ ಹೇಳಿಕೊಂಡು ಬಂದದ್ದರಿಂದ, ಉಳಿದ ಜೀವದಲ್ಲಿ ಅವರಿಗೆ ಇಷ್ಟವಾದ ಒಂದೇ ಒಂದು ಕೆಲಸ, ಅಂದರೆ ದಿನಾ ಬೆಳಿಗ್ಗೆ ಒಬ್ಬರೇ ನಡೆಯಲು ಹೋಗುವುದು, ನಿಂತೇಹೋಗುವುದರಲ್ಲಿತ್ತು.

ಫೋಟೊ ಅಂದರೆ ನಮ್ಮ ಮನೆತನದಲ್ಲಿ ತಲೆಯಿಂದ ಪಾದದವರೆಗೆ. ಅದು ಅಜ್ಜಿಯ ಕಾನೂನು. ಹೆಣ್ಣಿನ ಫೋಟೊ ಕಳಿಸಿದರೆ ಗಂಡಿನ ಕಡೆಯವರು ಮೊದಲು ಕಾಲು ನೋಡುತ್ತಿದ್ದರಂತೆ, ಹುಡುಗಿ ಕುಂಟಿಯೋ ಏನೋ ಅಂತ. ಕಾಲು ಬಂದಿಲ್ಲವೆಂದರೆ ಏನೋ ಮುಚ್ಚಿಟ್ಟಿದ್ದಾರೆ ಅಂತಲೇ ಅರ್ಥ. "ಸುಮ್ಮನೆ ನಿಂತಿರೋ ಫೋಟೊದಲ್ಲಿ ಕುಂಟೋದು ಹೇಗಜ್ಜಿ ಕಾಣತ್ತೆ?" ಎಂದು ನಾನೊಮ್ಮೆ ಕೇಳಿದ್ದೆ. "ಕಾಣೋದು ಬೇಡ ಕಣೇ. ತೋರಿಸಿದೀವಿ ಅಂತಾಗಬೇಕು, ಅಷ್ಟೇ" ಅಂದಿದ್ದರು. ಈ ಕಾನೂನು ಆಮೇಲೆ ನಾಮಕರಣಕ್ಕೂ, ಸ್ಕೂಲ್ ಡೇಗೂ, ಹೊಸ ಸ್ಕೂಟರಿಗೂ ಹಬ್ಬಿತು. ನನ್ನ ಹಾಲ್ ಟಿಕೆಟ್ಟಿಗೆ ಅಂಟಿಸಿದ್ದ ಪಾಸ್‌ಪೋರ್ಟ್ ಸೈಜಿನ ಫೋಟೊ ನೋಡಿ ಅಜ್ಜಿ, "ಅರ್ಧ ಹುಡುಗಿಗೆ ಪರೀಕ್ಷೆ ಬರೆಯೋಕೆ ಬಿಡ್ತಾರಾ?" ಎಂದು ನಿಜವಾಗಿಯೂ ಚಿಂತೆ ಮಾಡಿದ್ದರು.

ಆ ಕಾಲದ ಫೋಟೊಗಳೆಲ್ಲ ತುಮಕೂರಿನ ಒಂದೇ ಸ್ಟುಡಿಯೊದಲ್ಲಿ. ಒಳಗೆ ಹೋದರೆ ಪೌಡರಿನ ವಾಸನೆ, ಕನ್ನಡಿಯ ಮುಂದೆ ಹತ್ತಾರು ತಲೆಗಳ ಕೂದಲು ಸುತ್ತಿಕೊಂಡ ಒಂದು ಬಾಚಣಿಗೆ, ಪ್ಲಾಸ್ಟಿಕ್ ಗುಲಾಬಿ. ಹಿಂದುಗಡೆ ಗೋಡೆಯ ಅಗಲಕ್ಕೂ ಒಂದು ಪರದೆ. ಪರದೆಯ ತುಂಬ ಒಂದು ರಸ್ತೆ. ಎಂಥ ರಸ್ತೆ ಅಂತೀರಿ! ಎರಡೂ ಬದಿಗೆ ಎರಡೆರಡು ಸಾಲು ಮರ, ಮಧ್ಯೆ ಮಧ್ಯೆ ಕಬ್ಬಿಣದ ದೀಪದ ಕಂಬ, ದೂರದಲ್ಲಿ ಒಂದು ಸಾರೋಟು, ಅದಕ್ಕೂ ಆಚೆ ಗೋಪುರ. ಯಾವ ಊರಿನದೋ ಯಾರಿಗೂ ಗೊತ್ತಿರಲಿಲ್ಲ. ಬರೆದವರು ಶಿರಾ ದಾಟಿ ಆಚೆ ಹೋಗಿರಲಾರರು. "ಯುರೋಪು ಕಣಮ್ಮ" ಎಂದು ಸ್ಟುಡಿಯೊದವರು ಯುರೋಪು ಅವರ ಮಾವನ ಮನೆಯೆಂಬಂತೆ ಹೇಳುತ್ತಿದ್ದರು. ನಾನು ಐದು ವರ್ಷದವಳಿದ್ದಾಗ, ಅಪ್ಪ ತಲೆ ಬಾಚಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಆ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಬರೋಣವೆಂದು ಓಡಿದೆ. ಮೂಗಿನಲ್ಲಿ ರಕ್ತ ಬಂತು. ಆ ದಿನದ ಫೋಟೊದಲ್ಲಿ ನನ್ನ ಮೂಗು ಬದನೆಕಾಯಿಯ ಹಾಗಿದೆ. ಆದರೆ ಕಾಲು ಸ್ಪಷ್ಟವಾಗಿ ಬಂದಿದೆ.

ಗಂಡಿನ ಕಡೆಗೆ ಕಳಿಸಲು ಸುಶೀಲತ್ತೆಯ ಫೋಟೊ ತೆಗೆಸಿದ್ದೂ ಅದೇ ಪರದೆಯ ಮುಂದೆ. ಅದು ಲಾಸ್ ಏಂಜಲಿಸ್‌ಗೆ ಹೋಗಿ, ಮಾವ ಒಪ್ಪಿದರು. "ನನ್ನ ನೋಡಿ ಒಪ್ಪಿದರೋ ರಸ್ತೆ ನೋಡಿ ಒಪ್ಪಿದರೋ ದೇವರಿಗೇ ಗೊತ್ತು" ಎನ್ನುತ್ತಿದ್ದರು ಅತ್ತೆ. "ನಾನಂತೂ ಪರದೇಶ ಅಂದ್ರೆ ಆ ರಸ್ತೆನೇ ಅಂದ್ಕೊಂಡು ಬಂದೆ. ಇಲ್ಲಿ ನೋಡಿದ್ರೆ ಫ್ರೀವೇ."

ಲಾಸ್ ಏಂಜಲಿಸ್‌ನಲ್ಲಿ ಸಾಲುಮರ ಇಲ್ಲ ಎನ್ನಬಾರದು. ತಾಳೆಯ ಜಾತಿಯ ಮರಗಳು ಸಾಲಾಗಿ ನಿಂತಿವೆ. ಸಿನಿಮಾದವರಿಗೆ ಬಹಳ ಇಷ್ಟ. ತೆಂಗಿನ ಸೀಮೆಯಿಂದ ಹೋದ ನಮ್ಮಂಥವರಿಗೆ ಮಾತ್ರ ಅವುಗಳ ಮೇಲೆ ಒಂದು ಸಿಟ್ಟು: ಅಷ್ಟೆತ್ತರ ಹೋಗಿ ನೆರಳಿಲ್ಲ, ಕಾಯಿಯೂ ಇಲ್ಲ. ಅತ್ತೆ ಅದರ ಬುಡದಲ್ಲೇ ನಡೆದರು. ವಾಲ್‌ನಟ್‌ನ ಏರು ರಸ್ತೆಗಳಲ್ಲಿ ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಬಿಳಿ ಶೂ ಹಾಕಿಕೊಂಡು ದಿನಾ ಬೆಳಿಗ್ಗೆ ಹೊರಟರೆ, ಮೊದಮೊದಲು ಕಾರುಗಳು ಪಕ್ಕಕ್ಕೆ ಬಂದು ನಿಲ್ಲುತ್ತಿದ್ದವಂತೆ. "ಏನಾದರೂ ತೊಂದರೆಯಾ? ಮನೆಗೆ ಬಿಡಲಾ?" ಒಂದು ಸಲ, ಇಲ್ಲವೆಂದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಎಂದು ಹತ್ತಿಬಿಟ್ಟರಂತೆ. ಅವರು ಮನೆಯ ಮುಂದೆ ಇಳಿಸಿ ಕೈಬೀಸಿ ಹೋದ ಮೇಲೆ, ಮತ್ತೆ ಮೊದಲಿಂದ ನಡೆದು ಬಂದರಂತೆ.

ನನ್ನ ನಡಿಗೆಯ ಬಗ್ಗೆ ಹೇಳದಿರುವುದೇ ಒಳ್ಳೆಯದು. ಜಿಮ್ಮಿಗೆ ಡ್ರೈವ್ ಮಾಡಿಕೊಂಡು ಹೋಗುತ್ತೇನೆ. ಬಾಗಿಲಿಗೆ ಹತ್ತಿರದ ಪಾರ್ಕಿಂಗ್ ಸಿಗುವವರೆಗೆ ಸುತ್ತು ಹಾಕುತ್ತೇನೆ. ಆಮೇಲೆ ಒಳಗೆ ಹೋಗಿ ಟ್ರೆಡ್‌ಮಿಲ್ ಮೇಲೆ ನಡೆಯುತ್ತೇನೆ.

ಅತ್ತೆಗೆ ಎಪ್ಪತ್ತು ತುಂಬಿದ ವರ್ಷ, ತುಮಕೂರಿನಲ್ಲಿ ಒಂದು ಮದುವೆಗೆ ಹೋಗುವುದಿತ್ತು. "ದಾರಿಯಲ್ಲಿ ಆ ರಸ್ತೆ ನೋಡ್ಕೊಂಡೇ ಹೋಗೋದು" ಎಂದು ಹಟ ಹಿಡಿದರು. ಪರದೆಯ ಮೇಲಿದ್ದ ರಸ್ತೆ ಯಾವ ಊರಿನದೆಂದು ಗೊತ್ತಿಲ್ಲವಲ್ಲ? ಅದಕ್ಕೂ ಉತ್ತರ ಇತ್ತು. ಪ್ಯಾರಿಸ್ಸಿನ ರಸ್ತೆ, ಬರ್ಲಿನ್ನಿನ ರಸ್ತೆ ಎಲ್ಲ ಕಂಪ್ಯೂಟರಿನಲ್ಲಿ ನೋಡಿ, ಕೊನೆಗೆ ವಿಯೆನ್ನಾ ಎಂದು ತೀರ್ಮಾನಿಸಿದ್ದರು. ಅಲ್ಲಿ ಹಳೆಯ ಪಟ್ಟಣದ ಸುತ್ತಲೂ ಬಳಸಿಕೊಂಡು ಹೋಗುವ ಸಾಲುಮರದ ರಾಜಬೀದಿ ಇದೆ, ರಿಂಗ್ ರಸ್ತೆ. "ಉಳಿದ ರಸ್ತೆಲಿ ಹೋದ್ರೆ ಹೋದ ದಾರಿಲೇ ವಾಪಸ್ ಬರಬೇಕು. ಇಲ್ಲಿ ಪ್ರದಕ್ಷಿಣೆ ಹಾಕಿದ ಹಾಗೆ ಹೊರಟ ಜಾಗಕ್ಕೇ ಬರ್ತೀವಿ ಕಣೇ." ಅವರ ಮಗ ಅರುಣ ಜೊತೆಗೆ ಹೋಗಬೇಕಿತ್ತು. ಲಾಸ್ ಏಂಜಲಿಸ್‌ನ ಇನ್ನೊಂದು ತುದಿಯ ಚಾಟ್ಸ್‌ವರ್ತ್‌ನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಇಲ್ಲೇ ಹುಟ್ಟಿ ಬೆಳೆದವನು, ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಂದ ಬರುವುದು ಇಂಗ್ಲಿಷ್. ರಜೆ ಸಿಗಲಿಲ್ಲವೆಂದು ಅವನ ಬದಲು ನಾನು ಹೊರಟೆ. "ಟೇಕ್ ಕೇರ್ ಆಫ್ ಹರ್, ವಸು" ಎಂದು ಏರ್‌ಪೋರ್ಟಿನಲ್ಲಿ ನನ್ನ ಭುಜ ಹಿಡಿದು ಹೇಳಿದ. ನಾನು ಟೆಲಿಕಾಂ ಕಂಪನಿಯಲ್ಲಿ ದಿನವಿಡೀ ಏನೇನು ಕೆಟ್ಟುಹೋಗಬಹುದೆಂದು ಯೋಚಿಸುವ ಟೆಸ್ಟಿಂಗ್ ಕೆಲಸದವಳು. ಚಿಂತೆಯೇ ಬೇಡ ಅಂದೆ.

ಜೂನ್ ತಿಂಗಳ ಬೆಳಿಗ್ಗೆ. ಒಪೆರಾ ಕಟ್ಟಡದ ಮುಂದೆ ಅತ್ತೆ ಚಪ್ಪಲಿ ಬಿಡುತ್ತಾರೇನೋ ಅನ್ನುವಷ್ಟು ಭಕ್ತಿಯಿಂದ ನಿಂತಿದ್ದರು. ಲಿಂಡನ್ ಮರಗಳು ಹೂಬಿಟ್ಟಿದ್ದವು. ನಮ್ಮ ಹೊಂಗೆ ಹೂವಿಗೆ ಸ್ವಲ್ಪ ಜೇನು ಬೆರೆಸಿದ ಹಾಗೊಂದು ವಾಸನೆ. ಅದರ ಜೊತೆಗೆ ಸಾರೋಟಿನ ಕುದುರೆಗಳ ಲದ್ದಿಯ ವಾಸನೆ. "ತುಮಕೂರು ಬಸ್ ಸ್ಟ್ಯಾಂಡ್ ಹತ್ರ ಜಟಕಾ ನಿಲ್ತಿತ್ತಲ್ಲ, ಅದೇ ವಾಸನೆ!" ಎಂದು ಅತ್ತೆ ದೀರ್ಘವಾಗಿ ಉಸಿರೆಳೆದುಕೊಂಡರು.

"ಅತ್ತೆ, ಇದು ರಿಂಗ್ ರೋಡ್. ಬೆಂಗಳೂರಲ್ಲೂ ಇದೆ."

"ಅದನ್ನ ಯಾರಾದ್ರೂ ಪರದೆ ಮೇಲೆ ಬರೀತಾರೇನೇ?"

ಪ್ರದಕ್ಷಿಣೆ ಅಂದ ಮೇಲೆ ಪಟ್ಟಣ ಬಲಗಡೆಗೇ ಇರಬೇಕು. ಹೋಟೆಲಿನವಳು ಹೇಳಿದ್ದ ದಾರಿಗೆ ವಿರುದ್ಧವಾಗಿ ಹೊರಟೆವು. ನಿಜ ಹೇಳುತ್ತೇನೆ, ಅಂಥ ನೆರಳಿನಲ್ಲಿ ನಾನು ಯಾವತ್ತೂ ನಡೆದಿರಲಿಲ್ಲ. ಎರಡು ಸಾಲು ಮರಗಳ ನಡುವಿನ ದಾರಿ, ಮೇಲೆ ಹಸಿರು ಚಪ್ಪರ, ಬೆಂಚಿನ ಮೇಲೆ ಪೇಪರ್ ಓದುವವರು, ನಾಯಿ ಹಿಡಿದು ನಿಂತು ಹರಟುವ ಹೆಂಗಸರು. ಯಾರೂ ಕಾರು ನಿಲ್ಲಿಸಿ, ಅಮ್ಮಾ ತೊಂದರೆಯಾ ಎಂದು ಕೇಳಲಿಲ್ಲ. ಅತ್ತೆಯ ನಡಿಗೆಯೇ ಬದಲಾಯಿತು. ವಾಲ್‌ನಟ್‌ನಲ್ಲಿ ಕೆಲಸಕ್ಕೆ ಹೊರಟವರ ಹಾಗೆ ನಡೆಯುತ್ತಿದ್ದವರು ಇಲ್ಲಿ ಮದುವೆ ಮನೆಯ ಹಿರಿಯರ ಹಾಗೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಣ್ಣಾಡಿಸುತ್ತಾ, ಮರಗಳ ವ್ಯವಸ್ಥೆ ಸರಿಯಾಗಿದೆಯೇ ಎಂದು ನೋಡುತ್ತಾ ನಡೆದರು. ನಾನು ಮ್ಯೂಸಿಯಂ ಕಡೆ ಕೈ ತೋರಿಸಿದರೆ, "ಒಳಗೆ ಇರೋದನ್ನ ಟಿವಿಲಿ ನೋಡ್ಕೊಳ್ಳೋಣ" ಅಂದರು.

ಪಾರ್ಲಿಮೆಂಟು ದಾಟಿದ ಮೇಲೆ ಟೌನ್ ಹಾಲಿನ ಗೋಪುರ ಕಂಡಿತು. ಅತ್ತೆ ನಿಂತುಬಿಟ್ಟರು. ಮರದ ಸಾಲು, ದೀಪದ ಕಂಬ, ದೂರದಲ್ಲಿ ಗೋಪುರ. ಎಲ್ಲ ಇತ್ತು.

"ನಿಂತ್ಕೋ. ಇಲ್ಲಿ ನಿಂದೊಂದು ಫೋಟೊ."

"ನಿಮ್ಮದು ತೆಗೀತೀನಿ ಅತ್ತೆ."

"ನಂದು ಆವಾಗ್ಲೇ ತೆಗ್ಸಾಗಿದೆಯಲ್ಲ. ನಿಂದೇ ಮೂಗು ಹಾಳಾಗಿದ್ದು. ನಿಂತ್ಕೋ."

ನಾನು ಮರದ ಕೆಳಗೆ ನಿಂತು ನಕ್ಕೆ. ಅತ್ತೆ ನನ್ನ ಫೋನು ಹಿಡಿದು ನೋಡಿದರು. "ಗೋಪುರ ಬಂದ್ರೆ ಕಾಲು ಹೋಗತ್ತೆ" ಎಂದು ಗೊಣಗುತ್ತಾ ಒಂದು ಹೆಜ್ಜೆ ಹಿಂದಿಟ್ಟರು. "ಈಗ ಮಂಡಿ." ಇನ್ನೊಂದು ಹೆಜ್ಜೆ. ಅವರ ಹಿಂದೆ ಸೈಕಲ್ ದಾರಿ. ಸೈಕಲ್ ದಾರಿಯ ಹಿಂದೆ ಸಣ್ಣದೊಂದು ಕಲ್ಲಿನ ಅಂಚು. ಅಂಚು ದಾಟಿದರೆ ಟ್ರ್ಯಾಮಿನ ಹಳಿ. ಇದನ್ನೆಲ್ಲ ನಾನು ಆಮೇಲೆ ನಿಧಾನವಾಗಿ ನೋಡಿ ತಿಳಿದುಕೊಂಡದ್ದು. ಆಗ ಕಂಡದ್ದು ಇಷ್ಟೇ: ಅತ್ತೆಯ ಹಿಮ್ಮಡಿ ಕಲ್ಲಿನಿಂದ ಕೆಳಗಿಳಿಯಿತು, ಅವರ ಭುಜದ ಪಕ್ಕದಲ್ಲಿ ಕೆಂಪು ಬಿಳಿ ಬಣ್ಣದ ಒಂದು ಗೋಡೆ ದೊಡ್ಡದಾಗುತ್ತಾ ಬಂತು.

ಗಂಟೆ ಬಾರಿಸಿತು. ನನ್ನ ಬಾಯಿಂದ ಸದ್ದು ಹೊರಡಲಿಲ್ಲ. ಅತ್ತೆ ಫೋನಿನಿಂದ ಕಣ್ಣು ಕೀಳದೆ, "ಹಾಂ, ಈಗ ಪಾದ ಬಂತು" ಅಂದರು. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಆ ಕಿರುಚು ಈಗಲೂ ಒಮ್ಮೊಮ್ಮೆ ಫ್ರಿಜ್ಜಿನ ಬಾಗಿಲು ತೆಗೆದಾಗ ಕೇಳುತ್ತದೆ. ಟ್ರ್ಯಾಮು ನಿಂತಿತು. ಅತ್ತೆ ಕೈಚಾಚಿದ್ದರೆ ಅದರ ಮೂತಿ ಮುಟ್ಟಬಹುದಿತ್ತು.

ಆ ಕ್ಷಣದ ಫೋಟೊ ಇದೆ. ಗೋಪುರ ಬಂದಿದೆ. ಮರಗಳು ಬಂದಿವೆ. ನನ್ನ ಪಾದಗಳು ಬಂದಿವೆ. ತುಟಿಯಲ್ಲಿ ಮೊದಲಿನ ನಗು ಹಾಗೇ ಅಂಟಿಕೊಂಡಿದೆ, ಕಣ್ಣು ಮಾತ್ರ ಬೇರೆ ಯಾರದೋ. ಅತ್ತೆ ಅದನ್ನು ಮದುವೆ ಮನೆಯಲ್ಲಿ ಎಲ್ಲರಿಗೂ ತೋರಿಸಿ, ಮನೆಮಂದಿಯ ವಾಟ್ಸ್ಯಾಪಿಗೂ ಹಾಕಿದರು: "ವಸು ವಿಯೆನ್ನಾದಲ್ಲಿ. ಕಾಲು ಎಷ್ಟು ಚೆನ್ನಾಗಿ ಬಂದಿದೆ ನೋಡಿ." ಅರುಣ ನನಗೆ ಫೋನ್ ಮಾಡಿದ. "ವಾಟ್ ಹ್ಯಾಪನ್ಡ್ ಟು ಯುವರ್ ಫೇಸ್?" ನಾನು ಹೇಳಿದೆ. ಒಂದು ಸಲ ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. ಸ್ಯಾನ್ ಡಿಯಾಗೋಗೆ ಬಂದು ಆಫೀಸಿನಲ್ಲಿ ಹೇಳಿದೆ, ನೆರೆಮನೆಯಲ್ಲಿ ಹೇಳಿದೆ, ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆದುಕೊಂಡೇ ಹೇಳಲು ನೋಡಿದೆ. ಒಬ್ಬೊಬ್ಬರಿಗೆ ಹೇಳಿದಾಗಲೂ ಟ್ರ್ಯಾಮು ಇನ್ನಷ್ಟು ಹತ್ತಿರ ಬರುತ್ತಿತ್ತು. ಕೊನೆಕೊನೆಗೆ ಅತ್ತೆಯ ಸೆರಗು ಅದಕ್ಕೆ ತಾಗುತ್ತಿತ್ತು. ಆಫೀಸಿನಲ್ಲಿ ಯಾರಾದರೂ ಬೋರ್ಡಿನ ಮೇಲೆ ಬರೆದು, ಸರಿಯಾಗಿದೆಯಾ ಎಂದು ನೋಡಲು ಹಿಂದೆ ಸರಿದರೆ ನಾನು ಅವರ ತೋಳು ಹಿಡಿಯುತ್ತಿದ್ದೆ. ಅವತ್ತು ಗಂಟಲಿನಲ್ಲಿ ನಿಂತುಹೋದ ಕೂಗು ಈಗ ಕಂತು ಕಂತಾಗಿ ಹೊರಡುತ್ತಿದೆ ಎಂದು ನನ್ನ ಗಂಡ ಹೇಳುತ್ತಾನೆ.

ಇದೆಲ್ಲದರ ಫಲ ಅತ್ತೆಯ ತಲೆಗೆ ಬಂತು. ಅರುಣ ಮೊದಲು ಒಂದು ಟ್ರೆಡ್‌ಮಿಲ್ ತಂದು ವಾಲ್‌ನಟ್‌ನ ಗರಾಜಿನಲ್ಲಿ ಇಟ್ಟ. ಅತ್ತೆ ಅದರ ಮೇಲೆ ಸಂಡಿಗೆ ಒಣಗಿಸಿದರು. ಆಮೇಲೆ ಅವನು, ಮನೆ ಬಾಡಿಗೆಗೆ ಕೊಟ್ಟು ಚಾಟ್ಸ್‌ವರ್ತ್‌ಗೆ ನನ್ನ ಮನೆಗೆ ಬಂದುಬಿಡಿ, ಇನ್ನು ಒಬ್ಬರೇ ಆಚೆ ನಡೆಯುವ ಹಾಗಿಲ್ಲ ಅಂದ. ತಾಯಿ ಮಗನ ನಡುವೆ ಒಂದು ವಾರ ಮಾತಿಲ್ಲ. ಕೊನೆಗೆ ಅತ್ತೆಯೇ ಹೇಳಿದರಂತೆ: "ವಸು ನೋಡಿದಾಳಲ್ಲ. ಅವಳು ಬಂದು ಹೇಳ್ಲಿ. ಅವಳು ಬೇಡ ಅಂದ್ರೆ ಶೂ ತೆಗೆದು ಕೊಟ್ಟುಬಿಡ್ತೀನಿ."

ಭಾನುವಾರ ನಾನು ವಾಲ್‌ನಟ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ದಾರಿಯುದ್ದಕ್ಕೂ, ಏನು ಹೇಳಬೇಕೆಂಬುದರ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಹೆದರಿದವರಿಗೆ ತಾವು ಸರಿ ಎಂಬ ಧೈರ್ಯ ಮಾತ್ರ ಯಾವಾಗಲೂ ಇರುತ್ತದೆ. ಅತ್ತೆ ಮೆಂತ್ಯದ ಹುಳಿ, ಆಂಬೊಡೆ ಮಾಡಿದ್ದರು. ಎಲೆಯ ಮುಂದೆ ಕೂರಿಸಿ ಸಾಕ್ಷಿ ಕೇಳುವುದು ನಮ್ಮ ಕಡೆಯ ಪದ್ಧತಿಯೇ ಇರಬೇಕು.

"ಯು ವರ್ ದೇರ್. ಟೆಲ್ ಹರ್" ಅಂದ ಅರುಣ.

ಹೇಳಿದೆ. ಮರ, ಗೋಪುರ, ಹೆಜ್ಜೆ, ಕಲ್ಲಿನ ಅಂಚು, ಗಂಟೆ. ಸೆರಗು ತಾಗಿದ್ದನ್ನೂ ಹೇಳಿದೆ. ಅತ್ತೆ ಅಲ್ಲಗಳೆಯಲಿಲ್ಲ, ಆಂಬೊಡೆ ಮುರಿಯುತ್ತಾ ಕೂತಿದ್ದರು. ಅರುಣನ ಮುಖ ಬಿಳಿಚಿಕೊಂಡಿತ್ತು. ಅಲ್ಲಿಗೆ ನಾನು ನಿಲ್ಲಿಸಿದೆ. ಯಾವಾಗಲೂ ಅಲ್ಲಿಗೇ ನಿಲ್ಲಿಸುತ್ತಿದ್ದೆ.

"ಆಮೇಲೆ?" ಅಂದರು ಅತ್ತೆ.

"ಆಮೇಲೆ ಏನು?"

"ಆಮೇಲೆ ಏನಾಯ್ತು ಅಂತಲೂ ಹೇಳೇ. ಅಷ್ಟು ದೂರದಿಂದ ಬಂದಿದೀಯ."

ನಿಮಗೆ ಆಶ್ಚರ್ಯವಾಗಬಹುದು, ಆಮೇಲಿನದನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಮನಸ್ಸಿನಲ್ಲಿ ಟ್ರ್ಯಾಮು ಮತ್ತೆ ಮತ್ತೆ ಬಂದು ನಿಲ್ಲುತ್ತಿತ್ತು, ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಈಗ ಹೇಳುತ್ತಾ ಹೋದಂತೆ ಅದು ಹೊರಟಿತು.

ಆಮೇಲೆ ಅತ್ತೆ ತಿರುಗಿ ನೋಡಿದರು. ಟ್ರ್ಯಾಮು ಓಡಿಸುತ್ತಿದ್ದಾಕೆ ಕಿಟಕಿ ತೆಗೆದು ಅವಳ ಭಾಷೆಯಲ್ಲಿ ಚೆನ್ನಾಗಿ ಬೈದಳು. ಅತ್ತೆ ಎರಡೂ ಕೈ ಮುಗಿದು, "ತಪ್ಪಾಯ್ತು ತಾಯಿ" ಎಂದು ಕನ್ನಡದಲ್ಲೇ ಹೇಳಿ ಕಲ್ಲಿನ ಮೇಲೆ ಹತ್ತಿದರು. ಆಕೆ ಬೈಗುಳ ನಿಲ್ಲಿಸಿ, ಏನೋ ಗೊಣಗಿ, ಗಾಡಿ ಬಿಟ್ಟಳು. ಬಿದ್ದವಳು ನಾನು. ಮರದ ಬುಡದಲ್ಲಿ ಕುಸಿದು ಕೂತಿದ್ದೆ, ಹಲ್ಲು ಕಟಕಟ ಎನ್ನುತ್ತಿತ್ತು. ಅತ್ತೆ ಬಂದು ನನ್ನ ಪಕ್ಕದಲ್ಲಿ ಸೀರೆ ಮಡಚಿ ನೆಲದಲ್ಲೇ ಕೂತರು. ನನ್ನ ಕೈ ಅವರ ಮಡಿಲಲ್ಲಿ ಇಟ್ಟುಕೊಂಡು ಉಜ್ಜಿದರು. ನಾನು ಹೋಟೆಲಿಗೆ ಹೋಗೋಣ, ಟ್ಯಾಕ್ಸಿ ಕರೆಯೋಣ ಅಂದೆ.

"ಪ್ರದಕ್ಷಿಣೆ ಅರ್ಧಕ್ಕೆ ಬಿಡೋ ಹಾಗಿಲ್ಲ ಕಣೇ" ಅಂದರು. "ಏಳು. ಈಗ ಹೋದ್ರೆ ನೀನು ಇನ್ನು ಯಾವ ರಸ್ತೆಗೂ ಇಳಿಯಲ್ಲ."

ನಾವು ಇಡೀ ಸುತ್ತು ಮುಗಿಸಿದೆವು. ಪ್ರತಿ ಅಡ್ಡರಸ್ತೆಯಲ್ಲೂ ಅತ್ತೆ ನಿಂತು, ಎರಡೂ ಕಡೆ ನೋಡಿ, ನನ್ನ ಮಣಿಕಟ್ಟು ಹಿಡಿದು ದಾಟಿಸಿದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಕಾಲುವೆಯ ಹತ್ತಿರ ಕೂರಿಸಿ ನೀರು ಕುಡಿಸಿದರು. ಪಾರ್ಕಿನ ಹತ್ತಿರ ಐಸ್‌ಕ್ರೀಂ ಕೊಡಿಸಿದರು. ಮತ್ತೆ ಒಪೆರಾದ ಮುಂದೆ ಬಂದು ನಿಂತಾಗ ಸಂಜೆಯ ಬಿಸಿಲು ಮರಗಳ ಸಂದಿಯಿಂದ ಉದ್ದಕ್ಕೆ ಬಿದ್ದಿತ್ತು, ನನ್ನ ಕಾಲು ಮತ್ತೆ ನನ್ನದೇ ಆಗಿತ್ತು. ಅವತ್ತಿನ ದಿನ ನಾನು ಅತ್ತೆಯನ್ನು ನೋಡಿಕೊಳ್ಳಲು ಹೋದವಳು.

ಇಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ಎಲೆಯಲ್ಲಿ ಅನ್ನ ಆರಿಹೋಗಿತ್ತು. ಅರುಣ ನನ್ನನ್ನೇ ನೋಡುತ್ತಿದ್ದ.

"ಸೋ? ಕ್ಯಾನ್ ಶೀ ವಾಕ್ ಅಲೋನ್ ಆರ್ ನಾಟ್?"

ದಾರಿಯುದ್ದಕ್ಕೂ ಸಿದ್ಧವಾಗಿದ್ದ ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಆದರೆ ನಾನು ಸಾಕ್ಷಿ. ನೋಡಿದ್ದನ್ನು ಪೂರ್ತಿ ಹೇಳಿದ ಮೇಲೆ ಅದಕ್ಕೆ ಹೊಂದದ ತೀರ್ಪು ಹೇಳಲು ಬರುವುದಿಲ್ಲ.

"ಮುಂದಕ್ಕೆ ಎಷ್ಟು ಬೇಕಾದರೂ ನಡೀಲಿ" ಅಂದೆ. "ಹಿಂದಕ್ಕೆ ಮಾತ್ರ ಬೇಡ."

"ದಟ್ಸ್ ನಾಟ್ ಫನಿ."

"ತಮಾಷೆ ಅಲ್ಲ ಅರುಣ. ರಸ್ತೆ ದಾಟೋದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಫೋನ್ ಕೈಗೆ ಕೊಡಬೇಡ, ಅಷ್ಟೇ."

"ಫೋನು ನಂಗ್ಯಾಕೆ, ನಂದೇನೂ ತೆಗೆಯೋದು ಬಾಕಿ ಇಲ್ಲ" ಎಂದು ಅತ್ತೆ ಎದ್ದರು. ಕೈ ತೊಳೆದು, ನಮ್ಮಿಬ್ಬರಿಗೂ ಮಜ್ಜಿಗೆಯ ಪಾತ್ರೆ ತೋರಿಸಿ, ಬಾಗಿಲ ಬಳಿ ಕೂತು ಶೂ ಹಾಕಿಕೊಂಡರು. ಊಟವಾದ ಕೂಡಲೇ ನಡೆಯುವ ಅಭ್ಯಾಸ ಅವರಿಗಿಲ್ಲ. ಆ ದಿನ ತೀರ್ಪು ಬಿಸಿಯಾಗಿರುವಾಗಲೇ ಹೊರಡಬೇಕೆನಿಸಿರಬೇಕು. ನಾನು ಜೊತೆಗೆ ಬರಲಾ ಎಂದು ಕೇಳಲು ಬಾಯಿ ತೆರೆದೆ. ಮುಚ್ಚಿಕೊಂಡೆ.

ಬಾಗಿಲು ಮುಚ್ಚಿತು. ಅರುಣ ಎದ್ದು ಹೋಗಿ ಕಿಟಕಿಯ ಪರದೆ ಸರಿಸಿ ನಿಂತ. ನಾನು ಕೂತಲ್ಲೇ ಕೂತಿದ್ದೆ. ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡಿದ್ದೆ, ಎಂಜಲು ಕೈ ಎಂಬ ಪರಿವೆಯಿಲ್ಲದೆ.

"ಶೀ ಈಸ್ ಅಟ್ ದ ಕಾರ್ನರ್" ಅಂದ ಅವನು. "ಶೀ ಸ್ಟಾಪ್ಡ್. ಲುಕಿಂಗ್. ಸ್ಟಿಲ್ ಲುಕಿಂಗ್."

ನಾನು ಅವನ ಬೆನ್ನು ನೋಡುತ್ತಿದ್ದೆ. ಬೆನ್ನು ಸಡಿಲವಾಯಿತು.

"ಓಕೆ. ಶೀ ಕ್ರಾಸ್ಡ್."

"ಬಾ, ಮಜ್ಜಿಗೆ ಬಡಿಸ್ತೀನಿ" ಅಂದೆ, ಕೈ ಬಿಡಿಸಿಕೊಂಡು.